ಹಿಮ್ಮಡಿ ನೋವಿಗೆ ನಾನು ಮಾಡಿನೋಡಿದ ಮೂರು ವ್ಯಾಯಾಮಗಳು: ದಿನಕ್ಕೆ 180 ಸಲ, ಜಿಮ್ಮಿನ ಯಂತ್ರ, ಹಿತ್ತಿಲ ಸೈಜುಗಲ್ಲು

ಆರು ತಿಂಗಳಲ್ಲಿ ಮೂರು ಬಗೆಯ ವ್ಯಾಯಾಮಗಳನ್ನು ಒಂದಾದ ಮೇಲೊಂದರಂತೆ ಮಾಡಿನೋಡಿದ ಮೇಲೆ, ನನ್ನ ಬಲಗಾಲಿನ ಹಿಮ್ಮಡಿ ನೋವನ್ನು ಹಿಡಿತಕ್ಕೆ ತಂದುಕೊಟ್ಟದ್ದು ಹಿತ್ತಿಲಲ್ಲಿರುವ ಒಂದು ಸೈಜುಗಲ್ಲು, ಮಗನ ಹಳೆಯ ಸ್ಕೂಲ್ ಬ್ಯಾಗು ಮತ್ತು ಅದರೊಳಗೆ ತುಂಬಿದ ರಾಗಿ. ವಾರಕ್ಕೆ ಮೂರೇ ದಿನ, ಬೆನ್ನಿಗೆ ಭಾರ ಹೊತ್ತು, ಎಣಿಸಿಕೊಂಡು ನಿಧಾನವಾಗಿ ಹಿಮ್ಮಡಿಯನ್ನು ಎತ್ತಿ ಇಳಿಸುವ ಈ ಕ್ರಮವನ್ನು ಮೊದಲೇ ಆರಿಸಿಕೊಂಡಿದ್ದರೆ ಕೆಲವು ತಿಂಗಳುಗಳೂ ಒಂದಷ್ಟು ಹಣವೂ ಉಳಿಯುತ್ತಿದ್ದವು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದೇ ನೋವಿನಲ್ಲಿರುವ ಬೇರೆಯವರಿಗೆ ಆಯ್ಕೆ ಸುಲಭವಾಗಲಿ ಎಂದು ನನ್ನ ಅನುಭವವನ್ನು ಬರೆದಿಡುತ್ತಿದ್ದೇನೆ.

ನಾನು ಕೋಲಾರದ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ವಯಸ್ಸು 46. ಬೆಳಿಗ್ಗೆ ಜಿಲ್ಲಾ ಕ್ರೀಡಾಂಗಣದಲ್ಲಿ ಅರ್ಧ ಗಂಟೆ ನಿಧಾನವಾಗಿ ಓಡುವುದು ನಾಲ್ಕು ವರ್ಷಗಳಿಂದ ನಡೆದುಬಂದ ಅಭ್ಯಾಸ. ಕಳೆದ ಕಾರ್ತಿಕ ಮಾಸದಲ್ಲಿ ಸಹೋದ್ಯೋಗಿಗಳ ಜೊತೆ ಪ್ರತಿ ಸೋಮವಾರವೂ ಊರಿನ ಪಕ್ಕದ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿ ಕಾಶಿ ವಿಶ್ವೇಶ್ವರನ ದರ್ಶನ ಮಾಡಿ, ಬಸವನ ಬಾಯಿಂದ ಬೀಳುವ ನೀರು ಕುಡಿದು, ಇಳಿದು ಶಾಲೆಗೆ ಓಡುತ್ತಿದ್ದೆ. ಓಟವನ್ನೂ ಬಿಡಲಿಲ್ಲ. ನಾಲ್ಕನೆಯ ಸೋಮವಾರದ ಮರುದಿನ ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆಗಳನ್ನು ಗೋಡೆ ಹಿಡಿದುಕೊಂಡೇ ಇಡಬೇಕಾಯಿತು.

ಮನೆಯಲ್ಲೂ ಸ್ಟಾಫ್ ರೂಮಿನಲ್ಲೂ ಎಲ್ಲರೂ ಹೇಳಿದ್ದು ಒಂದೇ ಮಾತು: ನರ ಹಿಡಿದುಕೊಂಡಿದೆ, ಎಣ್ಣೆ ತಿಕ್ಕಿ ಬಿಸಿನೀರು ಹಾಕಿ, ನಡೆಯಬೇಡಿ. ಆರು ವಾರ ಹಾಗೆಯೇ ಮಾಡಿದೆ. ನೋವು ನಿಜವಾಗಿಯೂ ಹೋಯಿತು. ಫೆಬ್ರವರಿಯಲ್ಲಿ ಮತ್ತೆ ಓಡತೊಡಗಿದ ಎಂಟನೆಯ ದಿನಕ್ಕೆ ಅದೇ ಜಾಗದಲ್ಲಿ, ಹಿಮ್ಮಡಿಯ ಮೂಳೆಗಿಂತ ಸುಮಾರು ನಾಲ್ಕು ಸೆಂಟಿಮೀಟರ್ ಮೇಲೆ, ಎರಡು ಬೆರಳಿನಿಂದ ಹಿಸುಕಿದರೆ ಪ್ರಾಣ ಹೋಗುವಂತಹ ನೋವು ಮರಳಿ ಬಂತು.

ಆಗ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಹೋದೆ. ಇದು ನರವಲ್ಲ, ಮೀನಖಂಡದ ಮಾಂಸಖಂಡಗಳನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ಅಕಿಲಿಸ್ ಸ್ನಾಯುರಜ್ಜು ಎಂದು ಅವರು ಚಿತ್ರ ಬರೆದು ತೋರಿಸಿದರು. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಆರರಿಂದ ಎಂಟು ಪಟ್ಟು ಬಲ ಈ ರಜ್ಜುವಿನ ಮೇಲೆ ಬೀಳುತ್ತದೆ. ವಿಶ್ರಾಂತಿ ಕೊಟ್ಟರೆ ಅದು ಕೆರಳುವುದು ನಿಲ್ಲುತ್ತದೆ, ಆದರೆ ಅಷ್ಟು ಬಲವನ್ನು ತಾಳುವ ಶಕ್ತಿ ಅದಕ್ಕೆ ಬರುವುದು ಕ್ರಮವಾಗಿ ಭಾರ ಹೊರಿಸಿದಾಗ ಮಾತ್ರ. ಅವರು ನನ್ನನ್ನು ಒಂದೇ ಕಾಲಿನ ಮೇಲೆ ನಿಲ್ಲಿಸಿ ಎಷ್ಟು ಸಲ ತುದಿಗಾಲಿಗೆ ಏರಬಲ್ಲೆನೆಂದು ಎಣಿಸಿದರು. ಎಡಗಾಲಿನಲ್ಲಿ 22 ಆಯಿತು, ಬಲಗಾಲಿನಲ್ಲಿ 9ಕ್ಕೆ ನಿಂತಿತು. “ಮೇಡಂ, ನಿಮ್ಮ ನೋವಿಗಿಂತ ಈ ವ್ಯತ್ಯಾಸ ದೊಡ್ಡದು” ಎಂದರು.

ನೋವಿನ ಬಗ್ಗೆ ಅವರು ಕೊಟ್ಟ ಅಳತೆಗೋಲು ಮೂರೂ ಕ್ರಮಗಳಲ್ಲಿ ನನಗೆ ದಾರಿ ತೋರಿಸಿತು. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ವ್ಯಾಯಾಮದ ಹೊತ್ತಿನ ನೋವು ಐದನ್ನು ದಾಟಬಾರದು, ಮರುದಿನ ಬೆಳಗಾಗುವಷ್ಟರಲ್ಲಿ ಅದು ಇಳಿದಿರಬೇಕು, ವಾರದಿಂದ ವಾರಕ್ಕೆ ನೋವಾಗಲಿ ಬೆಳಗಿನ ಬಿಗಿತವಾಗಲಿ ಏರಬಾರದು. ಸ್ವೀಡನ್ನಿನ ಸಂಶೋಧಕಿ ಕರೀನ್ ಸಿಲ್ಬರ್‌ನಾಗೆಲ್ ಮತ್ತು ಸಂಗಡಿಗರು 2007ರಲ್ಲಿ 38 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಒಂದು ಗುಂಪಿನವರು ಈ ಮಿತಿಯೊಳಗೆ ಓಟವನ್ನೂ ನೆಗೆತವನ್ನೂ ಮುಂದುವರಿಸಿಕೊಂಡೇ ವ್ಯಾಯಾಮ ಮಾಡಿದರು. ಅವರ ಚೇತರಿಕೆ, ಮೊದಮೊದಲು ಓಟ ನೆಗೆತ ಬಿಟ್ಟು ವ್ಯಾಯಾಮವನ್ನಷ್ಟೇ ಮಾಡಿದ ಇನ್ನೊಂದು ಗುಂಪಿಗಿಂತ ಹಿಂದೆ ಬೀಳಲಿಲ್ಲ. ನೋವೆಂದರೆ ಹಾನಿಯೇ ಎಂದು ಹೆದರಿ ಕುಳಿತಿದ್ದ ನನಗೆ ಈ ಒಂದು ವಿಷಯವೇ ಅರ್ಧ ಚಿಕಿತ್ಸೆಯಾಯಿತು.

ಮೊದಲು ಹಿಡಿದದ್ದು ಎಲ್ಲಕ್ಕಿಂತ ಹೆಸರಾದ ಕ್ರಮ. ಸ್ವೀಡನ್ನಿನ ಉಮಿಯೋ ನಗರದ ಮೂಳೆ ಶಸ್ತ್ರಚಿಕಿತ್ಸಕ ಹಾಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಇದನ್ನು ಪ್ರಕಟಿಸಿದರು. ಅವರಿಗೇ ಹಿಮ್ಮಡಿ ನೋವಿತ್ತು. ಶಸ್ತ್ರಚಿಕಿತ್ಸೆಗೆ ಮೇಲಧಿಕಾರಿ ಒಪ್ಪದಿದ್ದಾಗ, ರಜ್ಜು ಹರಿದೇ ಹೋದರೆ ಆಗಲಾದರೂ ಮಾಡುತ್ತಾರೆಂದು ಅದರ ಮೇಲೆ ಭಾರ ಹಾಕುತ್ತ ಹೋದರು, ರಜ್ಜು ಹರಿಯುವ ಬದಲು ನೋವೇ ಹೋಯಿತು ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಬಲ್ಲ ಕತೆ. ಕ್ರಮ ಹೀಗಿದೆ: ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಂತು, ಒಳ್ಳೆಯ ಕಾಲಿನ ಬಲದಿಂದ ತುದಿಗಾಲಿಗೆ ಏರಿ, ಭಾರವನ್ನು ನೋವಿನ ಕಾಲಿಗೆ ದಾಟಿಸಿ, ಹಿಮ್ಮಡಿಯನ್ನು ಮೆಟ್ಟಿಲಿನ ಮಟ್ಟಕ್ಕಿಂತ ಕೆಳಕ್ಕೆ ನಿಧಾನವಾಗಿ ಇಳಿಸಬೇಕು. ಮೊಣಕಾಲು ನೆಟ್ಟಗಿಟ್ಟು 15ರಂತೆ ಮೂರು ಸರದಿ, ಮೊಣಕಾಲು ಬಾಗಿಸಿ ಮತ್ತೆ ಮೂರು ಸರದಿ. ದಿನಕ್ಕೆ ಎರಡು ಹೊತ್ತು, ವಾರದ ಏಳೂ ದಿನ, 12 ವಾರ. ಒಟ್ಟು ದಿನಕ್ಕೆ 180 ಸಲ.

ಈ ಕ್ರಮದ ಫಲದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಇದನ್ನು ಕೋಲಾರದ ಒಂದು ಬಾಡಿಗೆ ಮನೆಯಲ್ಲಿ ಮಾಡಲು ಹೊರಟಾಗ ಎದುರಾದ ತೊಡಕನ್ನು ವಿವರವಾಗಿ ಹೇಳಲೇಬೇಕು, ಏಕೆಂದರೆ ಅದನ್ನು ಯಾವ ವಿಡಿಯೋದಲ್ಲೂ ಯಾರೂ ಹೇಳುವುದಿಲ್ಲ. ಆ ತೊಡಕೆಂದರೆ ನಿಲ್ಲುವ ಜಾಗ.

ನಮ್ಮದು ನೆಲಮಹಡಿ. ಹೊರಗಿನ ಮೆಟ್ಟಿಲು ಮಾಲೀಕರಿಗೂ ಮೇಲಿನ ಮನೆಯವರಿಗೂ ಸೇರಿದ್ದು. ಅದಕ್ಕೆ ಹಾಸಿರುವುದು ಪಾಲಿಶ್ ಮಾಡಿದ ಗ್ರಾನೈಟ್, ಅಂಚನ್ನು ಕಾಲಿಗೆ ತಾಗದಂತೆ ಉರುಟು ಮಾಡಿದ್ದಾರೆ. ಹತ್ತಿ ಇಳಿಯುವವರಿಗೆ ಅನುಕೂಲವಾದ ಆ ಉರುಟು ಅಂಚೇ ಮುಂಗಾಲಿನ ಮೇಲೆ ಮಾತ್ರ ನಿಂತವರಿಗೆ ಅಪಾಯ. ಹಿಮ್ಮಡಿ ಇಳಿದಂತೆಲ್ಲ ಪಾದ ಹಿಂದಕ್ಕೆ ಜಾರುತ್ತದೆ, ಜಾರದಂತೆ ತಡೆಯಲು ಕಾಲ್ಬೆರಳುಗಳನ್ನು ಬಿಗಿಹಿಡಿಯಬೇಕಾಗುತ್ತದೆ, ಮೀನಖಂಡ ಮಾಡಬೇಕಾದ ಕೆಲಸವನ್ನು ಬೆರಳುಗಳು ಮಾಡುತ್ತವೆ. ಬೆಳಿಗ್ಗೆ ಆರಕ್ಕೆ ಮೆಟ್ಟಿಲು ತೊಳೆದಿರುತ್ತಾರೆ, ಆಗಂತೂ ಅಲ್ಲಿ ನಿಲ್ಲುವಂತೆಯೇ ಇಲ್ಲ. ಅದೇ ಹೊತ್ತಿಗೆ ಹಾಲಿನವರು, ಪೇಪರಿನವರು, ಟ್ಯೂಷನ್ನಿಗೆ ಹೊರಟ ಮಕ್ಕಳು ಹತ್ತಿ ಇಳಿಯುತ್ತಾರೆ, ಪ್ರತಿಯೊಬ್ಬರಿಗೂ ದಾರಿ ಬಿಟ್ಟು, “ಏನಾಯ್ತು ಟೀಚರ್ ಕಾಲಿಗೆ?” ಎಂಬ ಪ್ರಶ್ನೆಗೆ ಉತ್ತರಿಸಿ, ಎಲ್ಲಿಗೆ ಎಣಿಸಿದ್ದೆ ಎಂಬುದನ್ನು ಮರೆತು ಮತ್ತೆ ಮೊದಲಿನಿಂದ ಆರಂಭಿಸಬೇಕು.

ಮನೆಯೊಳಗೆ ಎತ್ತರವಾಗಿ ಗಟ್ಟಿಯಾಗಿ ಇರುವುದು ಹೊಸ್ತಿಲು ಒಂದೇ. ಎರಡು ಬದಿಯ ಬಾಗಿಲವಾಡ ಹಿಡಿದುಕೊಳ್ಳಲು ಹೇಳಿ ಮಾಡಿಸಿದಂತಿತ್ತು. ಆದರೆ ಅರಿಸಿನ ಕುಂಕುಮ ಹಚ್ಚಿ ಪೂಜಿಸುವ ಹೊಸ್ತಿಲ ಮೇಲೆ ನಿಲ್ಲುವುದನ್ನು ನಮ್ಮ ಅತ್ತೆಯವರು ಸಹಿಸುವುದು ಸಾಧ್ಯವಿರಲಿಲ್ಲ. “ಹೊಸ್ತಿಲ ಮೇಲೆ ನಿಂತ್ಕೋಬಾರದಮ್ಮ, ಕಾಲು ನೋವು ಇನ್ನೂ ಜಾಸ್ತಿಯಾಗುತ್ತೆ” ಎಂದರು. ಅವರ ಮನಸ್ಸು ನೋಯಿಸಿ ಮಾಡುವ ವ್ಯಾಯಾಮ ನನಗೂ ಬೇಡವಾಗಿತ್ತು.

ಆಮೇಲೆ ಊಟದ ಮಣೆ ತಂದು ಗೋಡೆಯ ಪಕ್ಕ ಇಟ್ಟುಕೊಂಡೆ. ಮಣೆಯ ಕೆಳಗಿನ ಎರಡು ಪಟ್ಟಿಗಳು ಅಂಚಿಗಿಂತ ಒಳಗಿರುತ್ತವೆ. ಅಂಚಿನ ಮೇಲೆ ಪೂರ್ತಿ ಭಾರ ಬಿದ್ದಾಗ ಅದು ತಕ್ಕಡಿಯಂತೆ ಆ ಬದಿಗೆ ವಾಲಿ ಇನ್ನೊಂದು ಬದಿ ಎದ್ದುಬಿಡುತ್ತದೆ. ಮೂರನೆಯ ದಿನ ಸಂಜೆ ಹಾಗೆಯೇ ಆಯಿತು. ಕಿಟಕಿಯ ಸರಳು ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ, ಆದರೆ ನೋವಿನ ಕಾಲು ತಟ್ಟನೆ ನೆಲಕ್ಕೆ ಬಡಿದು ನಾಲ್ಕು ದಿನ ಹಿಂದಕ್ಕೆ ಹೋದೆ. ಎರಡು ಇಟ್ಟಿಗೆಗಳನ್ನು ಜೋಡಿಸಿದರೆ ಅವು ಒಂದಕ್ಕೊಂದು ಸರಿದುಕೊಳ್ಳುತ್ತಿದ್ದವು. ಆನ್‌ಲೈನಿನಲ್ಲಿ 900 ರೂಪಾಯಿ ಕೊಟ್ಟು ತರಿಸಿದ ಇಳಿಜಾರು ಹಲಗೆ ಕೂಡ ಕೆಲಸಕ್ಕೆ ಬರಲಿಲ್ಲ, ಏಕೆಂದರೆ ಅದು ನಿಂತು ಹಿಗ್ಗಿಸುವುದಕ್ಕಾಗಿ ಮಾಡಿದ್ದು, ಅದರ ಮೇಲೆ ಹಿಮ್ಮಡಿ ಇಳಿಯಲು ಜಾಗವೇ ಇಲ್ಲ.

ಪರಿಹಾರ ಸಿಕ್ಕಿದ್ದು ಪಕ್ಕದ ಸೈಟಿನಲ್ಲಿ ಪಾಯ ಕಟ್ಟುತ್ತಿದ್ದ ಮೇಸ್ತ್ರಿಯಿಂದ. ನನ್ನ ಪಾಡು ಕೇಳಿ, ಚಪ್ಪಟೆಯಾಗಿ ಒಡೆದಿದ್ದ ಒಂದು ಸೈಜುಗಲ್ಲನ್ನು ಆರಿಸಿ, ಇಬ್ಬರು ಆಳುಗಳಿಂದ ಎತ್ತಿಸಿ ಹಿತ್ತಿಲಲ್ಲಿ ಇಡಿಸಿಕೊಟ್ಟರು. ಕಲ್ಲು ನಮ್ಮ ಜಿಲ್ಲೆಯಲ್ಲಿ ಯಾರಿಗೂ ಹೊಸದಲ್ಲ. ಆದರೂ ಅರ್ಧ ಅಡಿ ಎತ್ತರದ, ಒರಟು ಮೈಯ, ಅಲುಗಾಡದ, ಚೂಪು ಅಂಚಿನ ಆ ಕಲ್ಲಿನ ಮೇಲೆ ಮೊದಲ ಸಲ ಹಿಮ್ಮಡಿ ಇಳಿಸಿದಾಗ ಭಾರ ನೇರವಾಗಿ ಮೀನಖಂಡಕ್ಕೆ ಹೋಗುವುದು ತಿಳಿಯಿತು. ಅಂಚು ಪಾದಕ್ಕೆ ಒತ್ತದಿರಲೆಂದು ರಬ್ಬರ್ ಮ್ಯಾಟಿನ ತುಂಡೊಂದನ್ನು ಹಾಸಿದೆ. ಹಿಡಿದುಕೊಳ್ಳಲು ಕಿಟಕಿಯ ಸರಳು ಇತ್ತು.

ಜಾಗದ ತೊಂದರೆ ನೀಗಿದರೂ ಆಲ್ಫ್ರೆಡ್‌ಸನ್ ಕ್ರಮ ನನ್ನಿಂದ ಐದು ವಾರಕ್ಕಿಂತ ಹೆಚ್ಚು ನಡೆಯಲಿಲ್ಲ. ಒಂದು ಹೊತ್ತಿಗೆ ಸುಮಾರು 25 ನಿಮಿಷ ಹಿಡಿಯುತ್ತಿತ್ತು. ಬೆಳಿಗ್ಗೆ ಅಡುಗೆ, ಡಬ್ಬಿ, ಬಸ್ಸು, ರಾತ್ರಿ ಉತ್ತರಪತ್ರಿಕೆ. ಮಾರ್ಚ್ ಕೊನೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿ ಮೇಲ್ವಿಚಾರಣೆ ಬಂತು. ಮೂರು ಗಂಟೆಗೂ ಹೆಚ್ಚು ಹೊತ್ತು ನಿಂತು ಬಂದ ಕಾಲಿನಲ್ಲಿ ಸಂಜೆ 90 ಸಲ ಹಿಮ್ಮಡಿ ಇಳಿಸುವುದು ಆಗಲಿಲ್ಲ. ಒಂದು ದಿನ ತಪ್ಪಿತು, ಮತ್ತೆ ಎರಡು ದಿನ ತಪ್ಪಿತು. ಪ್ರತಿದಿನ ಮಾಡಲೇಬೇಕಾದ ಕ್ರಮದಲ್ಲಿ ತಪ್ಪಿದ ದಿನಗಳು ಮನಸ್ಸಿಗೆ ಹೊರೆಯಾಗುತ್ತವೆ. ಆದರೂ ಆ ಐದು ವಾರಗಳಲ್ಲಿ ಬೆಳಗಿನ ಬಿಗಿತ ಅರ್ಧದಷ್ಟು ಕಡಿಮೆಯಾಗಿತ್ತು ಎಂಬುದನ್ನು ನ್ಯಾಯವಾಗಿ ಹೇಳಬೇಕು.

ಎರಡನೆಯದು ಜಿಮ್ಮಿನ ಯಂತ್ರಗಳಲ್ಲಿ ಮಾಡುವ, ಹೆಚ್ಚು ಭಾರದ ನಿಧಾನ ಕ್ರಮ. ಏಪ್ರಿಲ್ ಮಧ್ಯದಲ್ಲಿ ಬೇಸಿಗೆ ರಜೆ ಶುರುವಾದಾಗ ಸೇರಿದೆ. ಡೆನ್ಮಾರ್ಕಿನ ಬೇಯರ್ ಮತ್ತು ಸಂಗಡಿಗರು 2015ರಲ್ಲಿ 58 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಈ ಕ್ರಮವನ್ನು ಆಲ್ಫ್ರೆಡ್‌ಸನ್ ಕ್ರಮದ ಎದುರು ನೇರವಾಗಿ ಇಟ್ಟು ನೋಡಿದ್ದಾರೆ. ವಾರಕ್ಕೆ ಮೂರು ದಿನ. ಏರಲು ಮೂರು ಸೆಕೆಂಡು, ಇಳಿಯಲು ಮೂರು ಸೆಕೆಂಡು. ಸರದಿಗಳ ನಡುವೆ ಎರಡು ಮೂರು ನಿಮಿಷ ವಿರಾಮ. ಮೊದಲ ವಾರ 15 ಸಲ ಮಾತ್ರ ಎತ್ತಬಹುದಾದಷ್ಟು ಭಾರ, ಮುಂದೆ 12, 10, 8, ಕೊನೆಯ ನಾಲ್ಕು ವಾರ 6 ಸಲ ಮಾತ್ರ ಎತ್ತಬಹುದಾದಷ್ಟು ಭಾರ. ಎಣಿಕೆ ಇಳಿಯುತ್ತ ಹೋಗುತ್ತದೆ, ತೂಕ ಏರುತ್ತ ಹೋಗುತ್ತದೆ. 12 ವಾರದ ಬಳಿಕವೂ ವರ್ಷದ ಬಳಿಕವೂ ಎರಡು ಗುಂಪುಗಳ ಚೇತರಿಕೆ ಒಂದೇ ಮಟ್ಟದಲ್ಲಿತ್ತು. ಆದರೆ ಹಳೆಯ ಕ್ರಮಕ್ಕೆ ವಾರಕ್ಕೆ 308 ನಿಮಿಷ ಬೇಕಾದರೆ ಇದಕ್ಕೆ 107 ನಿಮಿಷ ಸಾಕಾಯಿತು, ಹೇಳಿದಷ್ಟನ್ನು ಮಾಡಿ ಮುಗಿಸಿದ ಪ್ರಮಾಣ ಅಲ್ಲಿ 78 ಪ್ರತಿಶತ, ಇಲ್ಲಿ 92 ಪ್ರತಿಶತ. ಗಣಿತ ಕಲಿಸುವ ನನಗೆ ಈ ನಾಲ್ಕು ಅಂಕಿಗಳು ಇಡೀ ವಾದವನ್ನು ಮುಗಿಸಿಬಿಟ್ಟವು, ಏಕೆಂದರೆ ನನ್ನ ಐದು ವಾರಗಳ ಕತೆಯೂ ಅದೇ ಆಗಿತ್ತು.

ಭಾರ ಏರಿಸುವುದರಲ್ಲಿ ಜಿಮ್ಮಿಗೆ ಸಮನಾದದ್ದು ಇಲ್ಲ. ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್ ಯಂತ್ರದಲ್ಲಿ ಪಿನ್ ಬದಲಿಸಿದರೆ ಐದು ಕೆಜಿ ಹೆಚ್ಚುತ್ತದೆ, ಜಾರುವ ಭಯವಿಲ್ಲ. ತೊಂದರೆ ಬೇರೆ ಕಡೆ ಇತ್ತು. ಮೂರು ತಿಂಗಳಿಗೆ ಒಟ್ಟಿಗೆ 3,600 ರೂಪಾಯಿ ಕಟ್ಟಿಸಿಕೊಂಡರು. ಮಹಿಳೆಯರ ಬ್ಯಾಚು ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಮಾತ್ರ ಎಂಬುದು ರಜೆಯಲ್ಲಿ ತೊಂದರೆಯಾಗಿರಲಿಲ್ಲ. ಮೇ ಕೊನೆಯಲ್ಲಿ ಶಾಲೆ ಆರಂಭವಾದ ದಿನವೇ ನನ್ನ ಪಾಲಿಗೆ ಜಿಮ್ಮು ಮುಚ್ಚಿತು. ಬೇರೆ ಹೊತ್ತಿಗೆ ಅವಕಾಶವನ್ನೂ ಕೊಡಲಿಲ್ಲ, ಉಳಿದ ಹಣವನ್ನೂ ಕೊಡಲಿಲ್ಲ. ಕುಳಿತು ಹಿಮ್ಮಡಿ ಎತ್ತುವ ಯಂತ್ರ ಅಲ್ಲಿ ಇರಲಿಲ್ಲ. ನಿಧಾನವಾಗಿ ಮಾಡುವುದನ್ನು ಕಂಡ ತರಬೇತುದಾರರು ಪ್ರತಿ ಸಲವೂ “ಸ್ಪೀಡ್ ಮಾಡಿ” ಎನ್ನುತ್ತಿದ್ದರು. ಆರು ಸೆಕೆಂಡಿನ ಎಣಿಕೆ ಯಾಕೆ ಬೇಕೆಂದು ವಿವರಿಸಿ ಸಾಕಾಯಿತು. ಆದರೂ ಆ ಆರು ವಾರಗಳು ವ್ಯರ್ಥವಲ್ಲ. ನನ್ನ ರಜ್ಜು ಎಷ್ಟು ಭಾರ ತಾಳುತ್ತದೆ ಎಂಬ ಧೈರ್ಯ ಬಂದದ್ದು ಅಲ್ಲಿಯೇ.

ಮೂರನೆಯದು ಜೂನ್ ಮೊದಲ ವಾರದಿಂದ ನಾನೇ ಹೊಂದಿಸಿಕೊಂಡದ್ದು: ಜಿಮ್ಮಿನ ಕ್ರಮ, ಮನೆಯ ಕಲ್ಲು. ಮಂಗಳವಾರ ಮತ್ತು ಗುರುವಾರ ಸಂಜೆ, ಬೆಳಗಿನ ಶಾಲೆ ಇರುವ ಶನಿವಾರ ಮಧ್ಯಾಹ್ನ. ಒಂದೇ ಕಾಲಿನ ಮೇಲೆ ನಿಂತರೆ ನನ್ನ 62 ಕೆಜಿ ತೂಕವೇ ಆರಂಭದ ಭಾರ. ಮೊದಲ ಎರಡು ವಾರ ಬ್ಯಾಗಿಲ್ಲದೆ 12ರಂತೆ ಮೂರು ಸರದಿ ಮಾಡಿದೆ. ಆಮೇಲೆ ಒಂದೊಂದು ಕೆಜಿಯ ರಾಗಿ ಪೊಟ್ಟಣ ಕಟ್ಟಿ, ಬ್ಯಾಗಿನಲ್ಲಿ ಐದು ಕೆಜಿಯಿಂದ ಶುರುಮಾಡಿ, ಆಗಸ್ಟ್ ಕೊನೆಗೆ 20 ಕೆಜಿ ಹೊತ್ತು 6ರಂತೆ ನಾಲ್ಕು ಸರದಿಗೆ ಬಂದೆ. ಸಡಿಲವಾಗಿ ತುಂಬಿದ ರಾಗಿ ಬ್ಯಾಗಿನ ತಳಕ್ಕೆ ಇಳಿದು ಸೊಂಟವನ್ನು ಹಿಂದಕ್ಕೆ ಎಳೆಯುತ್ತದೆ. ಪೊಟ್ಟಣ ಕಟ್ಟಿದರೆ ಭಾರ ಬೆನ್ನಿಗೆ ಅಂಟಿಕೊಂಡು ಮೇಲೆಯೇ ನಿಲ್ಲುತ್ತದೆ, ಎಷ್ಟು ಹೆಚ್ಚಿಸಿದೆ ಎಂಬ ಲೆಕ್ಕವೂ ಸಿಗುತ್ತದೆ. 15 ಕೆಜಿಗೆ ಬ್ಯಾಗಿನ ಪಟ್ಟಿ ಕಿತ್ತು ಬಂತು, ಬಸ್ ನಿಲ್ದಾಣದ ಬಳಿಯ ಚಮ್ಮಾರರು 40 ರೂಪಾಯಿಗೆ ದಪ್ಪ ದಾರದಲ್ಲಿ ಹೊಲಿದುಕೊಟ್ಟರು. ಎಣಿಕೆಗೆ ಫೋನಿನಲ್ಲಿ ಸೆಕೆಂಡಿಗೊಂದು ಸದ್ದು ಮಾಡುವ ಆ್ಯಪ್ ಇಟ್ಟುಕೊಂಡೆ.

ಮೊಣಕಾಲು ಬಾಗಿಸಿ ಮಾಡುವ ಭಾಗವನ್ನು ಬಿಡಬಾರದು. ಮೀನಖಂಡದ ಮೇಲಿನ ಮಾಂಸಖಂಡ ಮೊಣಕಾಲಿನ ಕೀಲನ್ನು ದಾಟಿಹೋಗುತ್ತದೆ, ಒಳಗಿನ ಸೋಲಿಯಸ್ ಕೀಲಿಗಿಂತ ಕೆಳಗೇ ಆರಂಭವಾಗುತ್ತದೆ. ಮೊಣಕಾಲು ಬಾಗಿದಾಗ ಮೇಲಿನದು ಸಡಿಲಾಗಿ ಕೆಲಸದ ಹೆಚ್ಚಿನ ಪಾಲು ಸೋಲಿಯಸ್ಸಿನ ಮೇಲೆ ಬೀಳುತ್ತದೆ. ಇದಕ್ಕಾಗಿ ಸ್ಟೂಲಿನ ಮೇಲೆ ಕುಳಿತು, ಮುಂಗಾಲನ್ನು ಕಲ್ಲಿನ ಮೇಲಿಟ್ಟು, ಮಡಿಸಿದ ಟವೆಲ್ ಹಾಕಿದ ಮೊಣಕಾಲಿನ ಮೇಲೆ 25 ಕೆಜಿಯ ಅಕ್ಕಿ ಚೀಲ ಇಟ್ಟುಕೊಂಡು ಹಿಮ್ಮಡಿ ಎತ್ತುತ್ತಿದ್ದೆ. ಚೀಲ ಎತ್ತಿಕೊಡಲು ಮಗ ಬೇಕು.

ಉಳಿದವು ಸಂಕ್ಷೇಪವಾಗಿ. ತುದಿಗಾಲಿನಲ್ಲಿ 45 ಸೆಕೆಂಡು ಅಲುಗಾಡದೆ ನಿಲ್ಲುವುದನ್ನು ಐದು ಸಲ ಮಾಡಿದರೆ ನನಗೆ ಒಂದೆರಡು ಗಂಟೆ ಹಾಯೆನಿಸುತ್ತಿತ್ತು, ಪರೀಕ್ಷಾ ಕೊಠಡಿಯಲ್ಲಿ ಅದು ಉಪಯೋಗಕ್ಕೆ ಬಂತು, ಬಲ ಬರಲಿಲ್ಲ. ಚಪ್ಪಲಿಯೊಳಗಿನ ಸಿಲಿಕಾನ್ ಹಿಮ್ಮಡಿ ಪ್ಯಾಡು ಮೊದಲ ತಿಂಗಳು ನಿಜಕ್ಕೂ ಸಹಾಯ ಮಾಡಿತು. ಎಣ್ಣೆ ತಿಕ್ಕಿದ್ದರಿಂದ ಹಿತವಾಯಿತು, ಅಷ್ಟೇ.

ರಜ್ಜು ಹಿಮ್ಮಡಿ ಮೂಳೆಗೆ ಅಂಟಿಕೊಂಡಿರುವ ಜಾಗದಲ್ಲಿಯೇ ನೋವಿದ್ದರೆ ನನ್ನ ಕಲ್ಲು ಬೇಡ. ಹಿಮ್ಮಡಿ ಕೆಳಕ್ಕೆ ಇಳಿದಾಗ ಅಲ್ಲಿ ರಜ್ಜು ಮೂಳೆಗೆ ಒತ್ತಿಕೊಳ್ಳುವುದರಿಂದ, ಅಂಥವರಿಗೆ ನೆಲದ ಮಟ್ಟಕ್ಕಿಂತ ಕೆಳಗಿಳಿಸದೆ ಸಮತಟ್ಟು ನೆಲದಲ್ಲೇ ಮಾಡಿಸುತ್ತಾರೆ. ಯಾರೋ ಹಿಂದಿನಿಂದ ಒದ್ದಂತೆ ಫಟ್ಟೆಂದು ನೋವಾಗಿ ತುದಿಗಾಲಿಗೆ ಏರಲು ಆಗದೇ ಹೋದರೆ ರಜ್ಜು ಹರಿದಿರಬಹುದು, ಅದೇ ದಿನ ವೈದ್ಯರ ಬಳಿ ಹೋಗಬೇಕು. ಸಿಪ್ರೊಫ್ಲಾಕ್ಸಾಸಿನ್‌ನಂತಹ ಕೆಲವು ಆಂಟಿಬಯೋಟಿಕ್‌ಗಳು ಈ ರಜ್ಜುವಿಗೆ ಹಾನಿ ಮಾಡಬಲ್ಲವು. ಅಂಥ ಮಾತ್ರೆ ನುಂಗುತ್ತಿರುವಾಗ ನೋವು ಶುರುವಾದರೆ ವ್ಯಾಯಾಮಕ್ಕಿಂತ ಮೊದಲು ವೈದ್ಯರಿಗೆ ತಿಳಿಸಬೇಕು.

ಬೆಳಿಗ್ಗೆಯೂ ರಾತ್ರಿಯೂ ಅರ್ಧ ಗಂಟೆ ತಪ್ಪದೆ ಸಿಗುವವರು, ಪೂಜೆಯಂತೆ ದಿನವೂ ಮಾಡುವುದೇ ಸುಲಭ ಎನ್ನುವ ಸ್ವಭಾವದವರು ಆಲ್ಫ್ರೆಡ್‌ಸನ್ ಕ್ರಮವನ್ನು ಹಿಡಿಯಬಹುದು. ನಮ್ಮ ನಿವೃತ್ತ ಮುಖ್ಯೋಪಾಧ್ಯಾಯರಿಗೆ ನಾನೇ ಅದನ್ನು ಹೇಳಿಕೊಟ್ಟಿದ್ದೇನೆ. ಸೊಂಟ ನೋವಿರುವವರು ಬ್ಯಾಗ್ ಹೊರುವುದಕ್ಕಿಂತ, ಹೊತ್ತು ಹೊಂದುವುದಾದರೆ, ತಿಂಗಳಿಗೆ ತಿಂಗಳು ಹಣ ಕಟ್ಟಿಸಿಕೊಳ್ಳುವ ಜಿಮ್ಮಿಗೆ ಹೋಗುವುದು ಒಳ್ಳೆಯದು. ನನ್ನಂತೆ ಮನೆ, ಶಾಲೆ, ಪರೀಕ್ಷೆಗಳ ನಡುವೆ ವಾರಕ್ಕೆ ಮೂರು ಸಂಜೆ ಮಾತ್ರ ಬಿಡುವಿರುವವರಿಗೆ ಕಲ್ಲು ಮತ್ತು ರಾಗಿ ಬ್ಯಾಗೇ ಸರಿ. ಖರ್ಚು ಹೊಲಿಗೆಗೆ 40 ರೂಪಾಯಿ, ಮ್ಯಾಟಿಗೆ 120, ಕಲ್ಲು ಎತ್ತಿದ ಆಳುಗಳಿಗೆ ಕೊಟ್ಟ 100. ಒಂದು ದಿನ ತಪ್ಪಿದರೆ ಮರುದಿನ ಮಾಡಬಹುದು.

ಆಗಸ್ಟ್ ಕೊನೆಯಲ್ಲಿ ಮತ್ತೆ ಎಣಿಸಿದಾಗ ಬಲಗಾಲಿನಲ್ಲಿ 20, ಎಡಗಾಲಿನಲ್ಲಿ 23 ಬಂತು. ಕ್ರೀಡಾಂಗಣದಲ್ಲಿ ಈಗ ದಿನ ಬಿಟ್ಟು ದಿನ 20 ನಿಮಿಷ ಓಡುತ್ತೇನೆ, ದಸರಾ ರಜೆಯಲ್ಲಿ ಅಂತರಗಂಗೆಯನ್ನು ಒಮ್ಮೆ ಹತ್ತಿ ಇಳಿದೆ, ಮರುದಿನ ಬೆಳಿಗ್ಗೆ ಗೋಡೆ ಹಿಡಿಯಬೇಕಾಗಲಿಲ್ಲ. ಎರಡೂ ಕಾಲು ಸಮವಾಗುವವರೆಗೆ ವಾರಕ್ಕೆ ಎರಡು ದಿನ ಬ್ಯಾಗ್ ಹೊರುವುದನ್ನು ಬಿಡುವುದಿಲ್ಲ. ಪೊಟ್ಟಣದ ರಾಗಿಗೆ ಹುಳು ಬೀಳದಂತೆ ತಿಂಗಳಿಗೊಮ್ಮೆ ಬಿಸಿಲಿಗೆ ಹರವಿ ಮತ್ತೆ ಕಟ್ಟುವ ಕೆಲಸವನ್ನು ಅತ್ತೆಯವರು ವಹಿಸಿಕೊಂಡಿದ್ದಾರೆ.